ಪಸ್ಕದಲ್ಲಿ ನಿಷಿದ್ಧವಾದ ಹುಳಿ ವಾರಗಳ ಹಬ್ಬದಲ್ಲಿ ಯಾಕೆ?

ನೀವು ಕೇಳಿದ್ದು: ಯೆಹೂದ್ಯರ ಪಸ್ಕ ಹಬ್ಬದಲ್ಲಿ ಹುಳಿಯನ್ನೇ (ಹಿಟ್ಟನ್ನು ಉಬ್ಬಿಸುವ ಹುದುಗನ್ನು) ಮನೆಯಿಂದ ಹೊರಹಾಕುವ ಧರ್ಮಶಾಸ್ತ್ರ, ಐವತ್ತನೆಯ ದಿನ ಬರುವ ವಾರಗಳ ಹಬ್ಬದಲ್ಲಿ ಹುಳಿ ರೊಟ್ಟಿಯನ್ನೇ ತರಬೇಕು ಅನ್ನುವುದು ವಿರೋಧವಲ್ಲವೇ ಎಂದು. ಅಲ್ಲ. ಹುಳಿಯನ್ನು ಬರೀ ಪಾಪದ ಗುರುತು ಎಂದು ಓದಿದರೆ ಮಾತ್ರ ಹಾಗನಿಸುತ್ತದೆ. ಪಸ್ಕದ ಹುಳಿಯಿಲ್ಲದ ರೊಟ್ಟಿ ಈಜಿಪ್ಟಿನಿಂದ ಅವಸರದಲ್ಲಿ ಹೊರಟದ್ದರ ನೆನಪು. ಹಿಟ್ಟು ಹುಳಿಯುವಷ್ಟೂ ಪುರುಸೊತ್ತಿರಲಿಲ್ಲ. ವಾರಗಳ ಹಬ್ಬದ ರೊಟ್ಟಿಯಾದರೋ ಸ್ವಂತ ನೆಲದಲ್ಲಿ ನೆಲೆನಿಂತವರ ದಿನನಿತ್ಯದ ಊಟ. ಆ ಊಟವನ್ನೇ ಕೃತಜ್ಞತೆಯಾಗಿ ದೇವರ ಮುಂದೆ ತರುತ್ತಿದ್ದರು.

ಬೈಬಲಿನ ಯಾಜಕಕಾಂಡ 23:15-20 ಗಮನಿಸಿ. ಬಾರ್ಲಿಯ ಮೊದಲ ಸಿವುಡು ಅರ್ಪಿಸಿದ ದಿನದಿಂದ ಏಳು ಪೂರ್ಣ ವಾರ ಎಣಿಸಿ, ಮರುದಿನ ಹೊಸ ಗೋಧಿಹಿಟ್ಟಿನ ಎರಡು ರೊಟ್ಟಿ. ರಬ್ಬಿಗಳ (ಯೆಹೂದಿ ಧರ್ಮಗುರುಗಳ) ನಿಯಮಸಂಗ್ರಹವಾದ ಮಿಷ್ನಾದ ಪ್ರಕಾರ ಒಂದೊಂದಕ್ಕೂ ಏಫಾ ಎಂಬ ಧಾನ್ಯದ ಅಳತೆಯ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರ್ ಹಿಟ್ಟು. ಏಳು ಅಂಗೈ ಉದ್ದ, ನಾಲ್ಕು ಅಂಗೈ ಅಗಲ. ಒಂದೊಂದನ್ನೂ ಬೇರೆಯಾಗಿ ನಾದಿ, ಬೇರೆಯಾಗಿ ಬೇಯಿಸಬೇಕು. ಇವನ್ನು ಎರಡು ಕುರಿಮರಿಗಳೊಂದಿಗೆ ನೈವೇದ್ಯವಾಗಿ ದೇವರ ಮುಂದೆ ಎತ್ತಿ ಆಡಿಸುತ್ತಿದ್ದರು, ಆದರೆ ಯಜ್ಞವೇದಿಯ ಮೇಲೆ ಸುಡುತ್ತಿರಲಿಲ್ಲ. ಹುಳಿಯನ್ನು ಅಲ್ಲಿ ಹೋಮ ಮಾಡಬಾರದೆಂಬ 2:11ರ ನಿಯಮ ಮುರಿಯಲಿಲ್ಲ. ರೊಟ್ಟಿ ಯಾಜಕರ ಪಾಲಾಯಿತು. ನಿಮ್ಮ ಗೊಂದಲದ ಗಂಟು ಬಿಚ್ಚುವುದು ಇಲ್ಲೇ.

ದಿನದ ಎಣಿಕೆಯಲ್ಲಿ ಪಂಗಡಭೇದವಿದೆ. 15ನೆಯ ವಚನದ ‘ಸಬ್ಬತ್ತಿನ (ವಿಶ್ರಾಂತಿ ದಿನದ) ಮರುದಿನ’ ಅಂದರೆ ರಬ್ಬಿಗಳಿಗೆ ಪಸ್ಕದ ಮೊದಲ ದಿನದ ಮರುದಿನ, ರಬ್ಬಿಗಳ ಪರಂಪರೆಯನ್ನು ಒಪ್ಪದ ಕಾರೈಟ ಪಂಗಡದವರಿಗೆ ಶನಿವಾರದ ಸಬ್ಬತ್ತಿನ ಮರುದಿನವಾದ ಭಾನುವಾರ.

22ನೆಯ ವಚನವನ್ನು ಬಿಟ್ಟು ಓದಬೇಡಿ, ದಯವಿಟ್ಟು. ಹೊಲದ ಅಂಚನ್ನು ಪೂರಾ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆ ಹಬ್ಬದ ವಿಧಿಗೇ ಅಂಟಿಕೊಂಡು ಬರುತ್ತದೆ.