ತೊಳೆಯಲಾಗುತ್ತದೆ ಎಂದು ಬರೆದಿದ್ದೀರಿ, ತೊಳೆಯುವವರು ಯಾರು?

ಪ್ರಶ್ನೆ: ನನಗೆ 43 ವರ್ಷ. ನಗರದ ಅಪಾರ್ಟ್‌ಮೆಂಟ್ ಒಂದರ ನಾಲ್ಕನೆಯ ಮಹಡಿಯಲ್ಲಿ ಹೆಂಡತಿ, 12 ವರ್ಷದ ಮಗ ಮತ್ತು 76 ವರ್ಷದ ತಾಯಿಯ ಜೊತೆ ಇದ್ದೇನೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಪರಿಸರದ ಮೇಲಿನ ಕಾಳಜಿಯಿಂದ ಎರಡು ವರ್ಷಗಳ ಹಿಂದೆ ನಾನು ಮನೆಯ ರೀತಿನೀತಿಗಳನ್ನು ಬದಲಾಯಿಸಿದೆ. ಹಸಿ ಕಸವನ್ನು ಬಾಲ್ಕನಿಯಲ್ಲೇ ಗೊಬ್ಬರ ಮಾಡಲಾಗುತ್ತದೆ. ಪ್ಲಾಸ್ಟಿಕ್ ಕವರುಗಳನ್ನು ತೊಳೆದು, ಒಣಗಿಸಿ ಮರುಬಳಕೆಗೆ ಕೊಡಲಾಗುತ್ತದೆ. ಅಮ್ಮನಿಗೆ ಮೂತ್ರದ ಹಿಡಿತ ತಪ್ಪಿದ ಮೇಲೆ, ಬಳಸಿ ಬಿಸಾಡುವ ಡಯಾಪರ್ ಬೇಡವೆಂದು ಬಟ್ಟೆಯದನ್ನೇ ಬಳಸಲಾಗುತ್ತಿದೆ. ಕಳೆದ ವಾರ ಕಚೇರಿಯಿಂದ ತಡವಾಗಿ ಬಂದು ಕಾರು ನಿಲ್ಲಿಸುತ್ತಿದ್ದಾಗ, ಹೆಂಡತಿ ಹಸಿ ಕಸವನ್ನೂ ಪ್ಲಾಸ್ಟಿಕ್ಕನ್ನೂ ಒಂದೇ ಕಪ್ಪು ಕವರಿನಲ್ಲಿ ತುಂಬಿ ಕೆಳಗಿನ ತೊಟ್ಟಿಗೆ ಹಾಕುತ್ತಿರುವುದನ್ನು ಕಂಡೆ. ಅವಳು ನನ್ನನ್ನು ನೋಡಲಿಲ್ಲ. ನಾನೂ ಏನೂ ಕೇಳಿಲ್ಲ. ಆದರೆ ಮೋಸ ಹೋದಂತೆ ಅನಿಸುತ್ತಿದೆ. ಇದರ ಮಹತ್ವವನ್ನು ಅವಳಿಗೆ ಮನವರಿಕೆ ಮಾಡಿಕೊಡುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಎರಡನೆಯ ಸಲ ಓದುವಾಗ ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಾ ಹೋದೆ. ಬದಲಾವಣೆ ತಂದವರು ಯಾರೆಂದು ಹೇಳುವಾಗ ‘ನಾನು ಬದಲಾಯಿಸಿದೆ’ ಎಂದು ಸ್ಪಷ್ಟವಾಗಿ ಬರೆದಿದ್ದೀರಿ. ಕೆಲಸದ ಮಾತು ಬಂದ ಕೂಡಲೇ ವಾಕ್ಯಗಳೆಲ್ಲ ಕರ್ಮಣಿ ಪ್ರಯೋಗಕ್ಕೆ ತಿರುಗಿಬಿಟ್ಟಿವೆ: ಗೊಬ್ಬರ ಮಾಡಲಾಗುತ್ತದೆ, ಕೊಡಲಾಗುತ್ತದೆ, ಬಳಸಲಾಗುತ್ತಿದೆ. ಶಾಲೆಯ ವ್ಯಾಕರಣದ ಮೇಷ್ಟ್ರು ಕೇಳುತ್ತಿದ್ದ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ: ಈ ವಾಕ್ಯಗಳ ಕರ್ತೃ ಯಾರು?

ಉತ್ತರ ನಿಮ್ಮ ಪತ್ನಿಯೇ ಆಗಿದ್ದರೆ, ಆ ರಾತ್ರಿ ನೀವು ಕಂಡದ್ದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಡೀ ದಿನ ಹೊರಗೆ ದುಡಿದು ಬಂದು, ಅಡುಗೆ, ಮಗನ ಓದು ಮತ್ತು ಅತ್ತೆಯವರ ಆರೈಕೆ ಮುಗಿಸಿ, ಸಿಂಕಿನ ಮುಂದೆ ನಿಂತು ಎಣ್ಣೆ ಮೆತ್ತಿದ ಕವರುಗಳನ್ನು ಒಳಹೊರಗೆ ಮಗುಚಿ ತೊಳೆಯಬೇಕಾದ ವ್ಯಕ್ತಿ ಒಂದು ರಾತ್ರಿ ಕೈಚೆಲ್ಲಿದರೆ, ಅವರಿಗೆ ಪರಿಸರದ ಮಹತ್ವ ಗೊತ್ತಿಲ್ಲವೆಂದು ಅರ್ಥವಲ್ಲ. ಬಹುಶಃ ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ನಾಲ್ಕು ಮಹಡಿ ಇಳಿದು, ಯಾರಿಗೂ ಕಾಣದ ಹೊತ್ತಿನಲ್ಲಿ ಕವರನ್ನು ಹಾಕಿ ಬಂದಿದ್ದಾರೆ ಎಂದರೆ ‘ನನ್ನಿಂದ ಆಗುತ್ತಿಲ್ಲ’ ಎಂದು ನಿಮ್ಮೆದುರು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಆಗಿಲ್ಲ ಎಂದೂ ಆಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಕಪ್ಪು ಕವರಿಗಿಂತ ಇದರ ಬಗ್ಗೆಯೇ ಹೆಚ್ಚು ಯೋಚಿಸುತ್ತಿದ್ದೆ.

ಇನ್ನು ನಿಮ್ಮ ತಾಯಿಯವರ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಬಟ್ಟೆಯ ಡಯಾಪರ್ ಯಾವಾಗಲೂ ಪರಿಸರಸ್ನೇಹಿ ಎಂಬುದು ಪೂರ್ತಿ ನಿಜವಲ್ಲ. ಬ್ರಿಟನ್ನಿನ ಸರ್ಕಾರಿ ಪರಿಸರ ಸಂಸ್ಥೆಯೊಂದು 2008ರಲ್ಲಿ ಮಕ್ಕಳ ಡಯಾಪರುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಟ್ಟೆಯದರಿಂದ ಆಗುವ ಲಾಭವೆಲ್ಲ ಒಗೆಯುವ ರೀತಿಯ ಮೇಲೆ ನಿಂತಿದೆ. ತೀರಾ ಬಿಸಿ ನೀರಿನಲ್ಲಿ ಒಗೆದು, ಡ್ರೈಯರಿನಲ್ಲಿ ಒಣಗಿಸುತ್ತಾ ಹೋದರೆ ಆ ಲಾಭ ಕರಗಿಹೋಗುತ್ತದೆ. ವಯಸ್ಸಾದವರ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಚರ್ಮ. ಒದ್ದೆ ಬಟ್ಟೆ ಹೆಚ್ಚು ಹೊತ್ತು ಮೈಗೆ ತಾಗಿದ್ದರೆ ತೆಳುವಾದ ಚರ್ಮ ಕೆಂಪಾಗಿ, ಸುಲಿದು, ಹುಣ್ಣಾಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಅದನ್ನು ಬದಲಿಸುವವರು ಯಾರೆಂದು ನೀವು ಬರೆದಿಲ್ಲ. ನಿಮ್ಮ ತಾಯಿಗೆ ಏನು ಬೇಕು ಎಂಬುದನ್ನೂ ಬರೆದಿಲ್ಲ. ತನ್ನ ಒದ್ದೆ ಬಟ್ಟೆಯನ್ನು ಸೊಸೆ ಒಗೆಯುವುದನ್ನು ದಿನವೂ ನೋಡುತ್ತಾ ಕೂರುವ ಹಿರಿಯ ಜೀವಕ್ಕೆ ಎಷ್ಟು ಸಂಕೋಚವಾಗುತ್ತದೆ ಎಂಬುದನ್ನು ಅವರ ಪಕ್ಕದಲ್ಲಿ ಕುಳಿತು ನೀವೇ ಕೇಳಿ ತಿಳಿಯಿರಿ. ಅವರು ಒಪ್ಪಿದರೆ ರಾತ್ರಿಯ ಹೊತ್ತಿಗಾದರೂ ಬಿಸಾಡುವ ಡಯಾಪರನ್ನು ಈ ವಾರವೇ ತನ್ನಿ. ಇದರ ಬಗ್ಗೆ ಅಪರಾಧಿಭಾವ ಬೇಡ.

ಬಾಲ್ಕನಿಯ ಗೊಬ್ಬರದ ಡಬ್ಬಕ್ಕೆ ಬರೋಣ. ನೀವು ಹೇಳದಿದ್ದರೂ ಅದು ನಾತ ಹೊಡೆಯುತ್ತಿದೆ ಎಂದು ನನ್ನ ಊಹೆ, ಏಕೆಂದರೆ ಚೆನ್ನಾಗಿ ನಡೆಯುತ್ತಿರುವ ಡಬ್ಬಕ್ಕೆ ನಾಲ್ಕು ಹೆಜ್ಜೆ ನಡೆದು ಕಸ ಹಾಕುವುದು ಕೆಳಗಿನ ತೊಟ್ಟಿಗೆ ಹೊತ್ತು ಹೋಗುವುದಕ್ಕಿಂತ ಸುಲಭ. ನಾತಕ್ಕೆ ಕಾರಣ ಹೆಚ್ಚಾಗಿ ಒಂದೇ: ಹಸಿ ಕಸ ಹೆಚ್ಚಾಗಿ, ಒಣ ಪದಾರ್ಥ ಕಡಿಮೆಯಾಗಿ, ಗಾಳಿಯಾಡದೆ ಒಳಗೆಲ್ಲ ಕೆಸರಾಗಿರುತ್ತದೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕದ 25ರಿಂದ 30 ಪಟ್ಟು ಇಂಗಾಲ ಬೇಕು; ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಪದಾರ್ಥದಲ್ಲಿ ಇಂಗಾಲ ಹೆಚ್ಚು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಬಟ್ಟಲು ಸಿಪ್ಪೆ ಹಾಕಿದಾಗಲೆಲ್ಲ ಎರಡು ಬಟ್ಟಲಿನಷ್ಟು ಒಣ ಎಲೆ, ಮರದ ಹೊಟ್ಟು ಅಥವಾ ಸಣ್ಣಗೆ ಹರಿದ ರಟ್ಟನ್ನು ಮೇಲೆ ಹರಡಬೇಕು. ಎರಡು ಮೂರು ದಿನಕ್ಕೊಮ್ಮೆ ತಳದವರೆಗೆ ಕೈಯಾಡಿಸಬೇಕು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು. ನೀರು ಸುರಿದರೆ ಒಣ ಪದಾರ್ಥ ಸಾಲದು. ಎಣ್ಣೆ, ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಅದರೊಳಗೆ ಹಾಕಬೇಡಿ. ಈ ಕೆಲಸ ಬಿಡುವಂಥದ್ದಲ್ಲ. ಹಸಿ ಕಸ ದೊಡ್ಡ ಗುಡ್ಡೆಯೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಆದ್ದರಿಂದ ಡಬ್ಬ ಇರಲಿ; ಆದರೆ ಇಂದಿನಿಂದ ಅದು ನಿಮ್ಮದಾಗಲಿ. ‘ಸಹಾಯ ಮಾಡುತ್ತೇನೆ’ ಎಂಬ ಮಾತು ಇಲ್ಲಿ ಬೇಡ. ಒಣ ಎಲೆ ಮುಗಿದಿದೆ ಎಂಬುದು ಯಾರೂ ಹೇಳದೆ ನಿಮಗೇ ನೆನಪಾಗಬೇಕು. ಮಗನಿಗೂ 12 ವರ್ಷ, ರಟ್ಟು ಹರಿಯಲು ಅವನ ಕೈ ಸಾಕು.

ಕವರು ತೊಳೆಯುವ ವಿಷಯವನ್ನು ಇಷ್ಟು ದೀರ್ಘವಾಗಿ ಎಳೆಯಬೇಕಿಲ್ಲ. ಅದನ್ನು ನೀವೇ ಒಂದು ತಿಂಗಳು ಮಾಡಿ ನೋಡಿ, ಆಮೇಲೆ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಿ. ಕವರುಗಳೇ ಮನೆಯೊಳಗೆ ಬರದಂತೆ ಕೊಳ್ಳುವಾಗ ಎಚ್ಚರ ವಹಿಸುವುದು ತೊಳೆಯುವುದಕ್ಕಿಂತ ಮೇಲು ಎಂದು ಆ ತಿಂಗಳು ಮುಗಿಯುವ ಮೊದಲೇ ನಿಮಗೆ ಅನಿಸುತ್ತದೆ.

ನೀವು ಬರೆಯಬೇಕೆಂದು ಬರೆಯದ, ಆದರೆ ಪತ್ರದಲ್ಲಿ ಹಾದುಹೋದ ಒಂದು ಪದ ಉಳಿದಿದೆ: ಕಾರು. 2017ರಲ್ಲಿ ಸೇಥ್ ವೈನ್ಸ್ ಮತ್ತು ಕಿಂಬರ್ಲಿ ನಿಕೋಲಸ್ ಎಂಬ ಸಂಶೋಧಕರು ಶ್ರೀಮಂತ ದೇಶಗಳ ಬದುಕನ್ನು ಆಧರಿಸಿ, ವ್ಯಕ್ತಿಯೊಬ್ಬರು ಮಾಡಬಹುದಾದ ಬದಲಾವಣೆಗಳನ್ನು ಹೋಲಿಸಿ ನೋಡಿದರು. ಕಾರಿಲ್ಲದೆ ಬದುಕಿದರೆ ವರ್ಷಕ್ಕೆ ಸರಾಸರಿ 2.4 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಮಾಲಿನ್ಯ ತಪ್ಪುತ್ತದೆ. ಕಸವನ್ನೆಲ್ಲ ಶ್ರದ್ಧೆಯಿಂದ ಮರುಬಳಕೆಗೆ ಕೊಟ್ಟರೆ ತಪ್ಪುವುದು ಸುಮಾರು 0.2 ಟನ್. ನಿಮ್ಮ ಮನೆಯ ಅಂಕಿಗಳು ಬೇರೆ ಇರಬಹುದು, ಆದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದು ತಿಳಿಯುತ್ತದೆ. ಎರಡು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಬದಲಾದದ್ದೆಲ್ಲ ಅಡುಗೆಮನೆ ಮತ್ತು ಬಚ್ಚಲಿನಲ್ಲಿ. ನೀವೊಬ್ಬರೇ ಕುಳಿತು ಹೋಗುವ ವಾಹನ ಹಾಗೆಯೇ ಉಳಿದಿದೆ. ವಾರಕ್ಕೆ ಎರಡು ದಿನ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬನ್ನಿ. ಅದಕ್ಕೆ ಮನೆಯಲ್ಲಿ ಬೇರೆ ಯಾರೂ ಮೈಮುರಿಯಬೇಕಿಲ್ಲ.

ಪತ್ನಿಯೊಡನೆ ಮಾತಾಡಲು ಭಾನುವಾರದ ಬೆಳಿಗ್ಗೆಯನ್ನು ಆರಿಸಿಕೊಳ್ಳಿ, ರಾತ್ರಿ ಬೇಡ. ಮನೆಯಲ್ಲಿ ಮಾಡಿಕೊಂಡಿರುವ ನಿಯಮಗಳಲ್ಲಿ ಯಾವುದು ಅವರಿಗೆ ಇಷ್ಟ, ಯಾವುದು ಭಾರ, ಯಾವುದನ್ನು ಇವತ್ತೇ ಕೈಬಿಡಬಹುದು ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ, ಮೀಥೇನಿನ ಲೆಕ್ಕವನ್ನೂ ಒಪ್ಪಿಸದೆ ಕೇಳಿಸಿಕೊಳ್ಳಿ. ಎರಡು ವರ್ಷ ಈ ಭಾರವನ್ನು ಅವರ ಮೇಲೆ ಹೊರಿಸಿ ಗಮನಿಸದೆ ಇದ್ದದ್ದಕ್ಕೆ ಕ್ಷಮೆ ಕೇಳಿ. ಆ ಕಪ್ಪು ಕವರಿನ ಮಾತನ್ನು ಅವರಾಗಿಯೇ ತೆಗೆಯುವವರೆಗೆ ನೀವು ತೆಗೆಯಬೇಡಿ. ಅವರು ತೆಗೆದರೆ, ಆ ರಾತ್ರಿ ಕೆಳಗೆ ಕಾರಿನಲ್ಲಿ ಕುಳಿತು ನೋಡಿದ್ದೆನೆಂದು ನೀವೂ ಒಪ್ಪಿಕೊಳ್ಳಿ.