ಕರೆದು ಕೊಲ್ಲುವುದರ ಬಗ್ಗೆ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಚಿಂಚವಡದಿಂದ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಇಡಿಯಾಗಿ ಅಚ್ಚು ಮಾಡಲು ಸ್ಥಳವಿಲ್ಲದ ಕಾರಣ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ಟೆಕ್ಸಸ್‌ನಲ್ಲಿ ಉದ್ಯೋಗದಲ್ಲಿರುವ ತಮ್ಮ ಮಗ ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಖಾಸಗಿ ರಾಂಚಿಗೆ, ಅಂದರೆ ಬಹು ದೊಡ್ಡ ಖಾಸಗಿ ಜಮೀನಿಗೆ ಹೋಗಿ, ಮೊದಲ ದಿನ ಮೆಕ್ಕೆಜೋಳ ಚೆಲ್ಲುವ ಯಂತ್ರದ ಎದುರು ಕಟ್ಟಿದ ಗೂಡಿನಲ್ಲಿ ಕುಳಿತು ಒಂದು ಚುಕ್ಕಿ ಜಿಂಕೆಯನ್ನೂ, ಮರುದಿನ ತೆರೆದ ಟ್ರಕ್ಕಿನ ಮೇಲಿಂದ ಓಡುತ್ತಿದ್ದ ಇನ್ನೊಂದನ್ನೂ ಹೊಡೆದರು. ಅದರ ವಿಡಿಯೊ ನೋಡಿ ತಮ್ಮ ಮನೆಯವರು ಪಾಪವೆಂದರು. ಅಲ್ಲಿ ಅದು ಕಾನೂನುಬದ್ಧವೆಂದು ಮಗ ವಾದಿಸಿದರು. ಮಾಂಸವನ್ನು ತಿನ್ನುವುದೇ ಆದ ಮೇಲೆ ಯಾವ ರೀತಿಯಲ್ಲಿ ಕೊಂದರೇನು, ಅಂಗಡಿಯ ಪಂಜರದ ಕೋಳಿಯ ಬಾಳು ಆ ಜಿಂಕೆಯ ಬಾಳಿಗಿಂತ ಹೀನವಲ್ಲವೇ ಎಂದು ತಾವು ಕೇಳಿದ್ದೀರಿ. ಕಾರ್ಕಳದ ಘಟ್ಟದ ಬುಡದಲ್ಲಿ ತಮ್ಮ ಅಜ್ಜ ನೆಲ್ಲಿಮರಕ್ಕೆ ಅಟ್ಟಣೆ ಕಟ್ಟಿ ಉದುರಿದ ಕಾಯಿ ತಿನ್ನಲು ಬರುವ ಕಾಡುಕುರಿಗೆ (ಬೊಗಳುವ ಚಿಕ್ಕ ಜಿಂಕೆಗೆ) ಕಾಯುತ್ತಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದೂ, ಈ ವರ್ಷ ಮತ್ತೆ ಹೊರಟಿರುವ ಮಗನಿಗೆ ಏನು ಹೇಳಬೇಕೆಂದೂ ಕೇಳಿದ್ದೀರಿ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ತಮ್ಮ ಮಗ ಹೇಳಿದ್ದು ನಿಜ. ನಮ್ಮ ಚುಕ್ಕಿ ಜಿಂಕೆಯನ್ನು 1932ರಲ್ಲಿ ಟೆಕ್ಸಸ್‌ಗೆ ತಂದು ಬಿಟ್ಟರು. ಅಲ್ಲಿ ಅದು ಹೊರಗಿನ ಪ್ರಾಣಿಯಾದ್ದರಿಂದ ಅದರ ಬೇಟೆಗೆ ಋತುವಿನ ಕಟ್ಟೂ ಇಲ್ಲ, ಸಂಖ್ಯೆಯ ಕಟ್ಟೂ ಇಲ್ಲ. ಖಾಸಗಿ ಜಮೀನಿನ ಒಳಗೆ ಮೇವು ಚೆಲ್ಲಿ ಕರೆದು ಹೊಡೆಯುವುದಕ್ಕಾಗಲಿ, ವಾಹನದ ಮೇಲಿಂದ ಹೊಡೆಯುವುದಕ್ಕಾಗಲಿ ಆ ರಾಜ್ಯದಲ್ಲಿ ಅಡ್ಡಿಯಿಲ್ಲ. ಆದರೆ ತಾವು ಬರೆದಿರುವುದು ಅಪ್ಪಣೆ ಕೇಳುವ ಪತ್ರವಲ್ಲ. ಕಾನೂನು ಸುಮ್ಮನಿರುವ ಕಡೆಯಲ್ಲೇ ಮನುಷ್ಯನ ವಿವೇಕಕ್ಕೆ ಹೆಚ್ಚು ಕೆಲಸವಿರುತ್ತದೆ ಎಂಬುದು ತಮಗೂ ಅನ್ನಿಸಿರುವುದರಿಂದಲೇ ಇಷ್ಟು ದೀರ್ಘವಾಗಿ ಬರೆದಿದ್ದೀರಿ ಎಂದು ನಂಬಿದ್ದೇನೆ.

ಸಾವೊಂದೇ ಆದ ಮೇಲೆ ರೀತಿಗೆ ಬೆಲೆಯಿಲ್ಲ ಎನ್ನುವುದನ್ನು ನಮ್ಮ ಹಿರಿಯರು ಒಪ್ಪಿದವರಲ್ಲ. ಮಹಾಭಾರತದ ಆದಿಪರ್ವದಲ್ಲಿ ಪಾಂಡು, ಜಿಂಕೆಯ ರೂಪದಲ್ಲಿ ಸಂಗಾತಿಯೊಡನೆ ಕೂಡಿದ್ದ ಕಿಂದಮ ಋಷಿಗೆ ಬಾಣ ಬಿಡುತ್ತಾನೆ. ಜಿಂಕೆಗಳನ್ನು ಕೊಲ್ಲುವುದು ರಾಜರ ಧರ್ಮವೆಂದು ಅವನು ಸಮರ್ಥಿಸಿಕೊಂಡಾಗ ಸಾಯುತ್ತಿರುವ ಋಷಿ ಹೇಳುವ ಮಾತು ಗಮನಿಸಬೇಕಾದದ್ದು: ನೀನು ಮೃಗವನ್ನು ಕೊಂದೆಯೆಂದು ನಾನು ದೂರುವುದಿಲ್ಲ, ನಾವು ಕೂಡಿರುವ ಹೊತ್ತು ಮುಗಿಯುವ ತನಕವಾದರೂ ನೀನು ಕಾಯಬೇಕಿತ್ತು. ಬೇಟೆಯನ್ನು ಒಪ್ಪಿಕೊಂಡೇ, ಬೇಟೆಯ ಒಳಗೆ ಮಾಡಬಾರದ್ದೊಂದಿದೆ ಎಂದು ಹೇಳುವ ಮಾತು ಅದು. ತಮ್ಮ ಪ್ರಶ್ನೆ ಇರುವುದೂ ಆ ಜಾಗದಲ್ಲೇ.

ಈಗ ಮೇವಿನ ವಿಚಾರ. ಟೆಕ್ಸಸ್‌ನ ಆ ಯಂತ್ರವೆಂದರೆ ಕಾಲುಗಳ ಮೇಲೆ ನಿಲ್ಲಿಸಿದ ಒಂದು ಡ್ರಮ್ಮು. ಅದರ ಅಡಿಯಲ್ಲಿ ಮೋಟಾರಿಗೆ ಜೋಡಿಸಿದ ಒಂದು ತಟ್ಟೆ ಇರುತ್ತದೆ. ಬೆಳಗ್ಗೆ ಮತ್ತು ಸಂಜೆ ಗೊತ್ತುಮಾಡಿದ ಹೊತ್ತಿಗೆ ಕೆಲವು ಸೆಕೆಂಡು ತಟ್ಟೆ ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಕೆಲವೇ ವಾರಗಳಲ್ಲಿ ಜಿಂಕೆಗಳು ಆ ಮೋಟಾರಿನ ಸದ್ದನ್ನು ಕಲಿತುಬಿಡುತ್ತವೆ. ಸದ್ದು ಕೇಳಿದೊಡನೆ ಪೊದೆಯ ಅಂಚಿಗೆ ಬಂದು ನಿಲ್ಲುತ್ತವೆ. ಹುಲಿ, ಚಿರತೆ, ಕಾಡುನಾಯಿಗಳ ಜೊತೆ ಬದುಕಿ ಆ ಪ್ರಾಣಿ ಕಲಿತ ವಿದ್ಯೆಯೆಲ್ಲ, ಅಂದರೆ ಗಾಳಿಯ ದಿಕ್ಕು ನೋಡಿ ಹೆಜ್ಜೆ ಇಡುವುದು, ಹಿಂಡಿನಲ್ಲಿ ಒಂದಾದರೂ ತಲೆಯೆತ್ತಿ ನಿಂತಿರುವುದು, ಅನುಮಾನ ಬಂದರೆ ಕಾಲು ನೆಲಕ್ಕೆ ಅಪ್ಪಳಿಸಿ ಕೂಗುವುದು, ಇವೆಲ್ಲ ಆ ಡ್ರಮ್ಮಿನ ಕೆಳಗೆ ಸಡಿಲವಾಗುತ್ತವೆ. ಅದಕ್ಕೆ ಈ ಸಡಿಲಿಕೆಯನ್ನು ಕಲಿಸಿದವನೇ ಗೂಡಿನಲ್ಲಿ ಕೋವಿ ಹಿಡಿದು ಕುಳಿತಿರುತ್ತಾನೆ.

ಇಲ್ಲಿ ತಾವು ಎತ್ತಿರುವ ಕೋಳಿಯ ಪ್ರಶ್ನೆಗೂ ಉತ್ತರಿಸುತ್ತೇನೆ. ಅಂಗಡಿಯ ಪಂಜರದಲ್ಲಿರುವ ಕೋಳಿಯ ಬಾಳು ಆ ಜಿಂಕೆಯ ಬಾಳಿಗಿಂತ ಹೀನವಾದದ್ದು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಅದನ್ನು ಸಮರ್ಥಿಸುವುದೂ ಇಲ್ಲ. ಆದರೆ ಸಾಕುವವನ ಮೇಲೆ ಒಂದು ಹೊಣೆ ಇರುತ್ತದೆ. ಆಡು ಸಾಕಿದ ಮನೆಯವರು ಅದಕ್ಕೆ ನೀರು ಕೊಡಬೇಕು, ಕಾಯಿಲೆ ಬಿದ್ದರೆ ಆರೈಕೆ ಮಾಡಬೇಕು, ರಾತ್ರಿ ಚಿರತೆ ಬಾರದಂತೆ ಹಟ್ಟಿಯ ಬಾಗಿಲು ಹಾಕಬೇಕು. ಬೇಟೆಗಾರನಿಗೆ ಆ ಹೊಣೆಯಿಲ್ಲ. ಅದರ ಬದಲಿಗೆ ಅವನಿಗೆ ಕಾಡಿನ ಶ್ರಮವಿದೆ, ಬರಿಗೈಯಲ್ಲಿ ಮನೆಗೆ ಬರುವ ದಿನಗಳಿವೆ. ಮೇವು ಚೆಲ್ಲಿ ಹೊಡೆಯುವವನು ಸಾಕಣೆಯ ಲಾಭವನ್ನು ಅದರ ಹೊಣೆಯಿಲ್ಲದೆ ಪಡೆಯುತ್ತಾನೆ, ಬೇಟೆಯ ಹೆಮ್ಮೆಯನ್ನು ಅದರ ಶ್ರಮವಿಲ್ಲದೆ ಪಡೆಯುತ್ತಾನೆ. ನನ್ನ ಆಕ್ಷೇಪದ ಬೇರು ಇರುವುದು ಇಲ್ಲಿ.

ಅದಕ್ಕೆ ಮೈಯ ಹಾನಿಯೂ ಸೇರುತ್ತದೆ. ಸೊಪ್ಪು, ಹುಲ್ಲು, ಚಿಗುರಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಹೆಚ್ಚು ಕಾಳು ಬಿದ್ದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಅದು ಸಾಯಲೂಬಹುದು. ಒಂದೇ ಜಾಗದಲ್ಲಿ ಹಲವು ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ತಿನ್ನುವುದರಿಂದ ರೋಗವೂ ಹರಡುತ್ತದೆ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡ, ಜಿಂಕೆಗಳ ಮಿದುಳನ್ನು ತಿನ್ನುವ ಮದ್ದಿಲ್ಲದ ರೋಗವೊಂದು ಜೊಲ್ಲು ಮತ್ತು ಮೂತ್ರದಿಂದ ಹರಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೆಕ್ಸಸ್‌ನಲ್ಲಿ ಅದು 2012ರಲ್ಲಿ ಪತ್ತೆಯಾಯಿತು. ಈ ರೋಗದ ಭಯದಿಂದಲೇ ಮಿಚಿಗನ್ ರಾಜ್ಯವು 2019ರಲ್ಲಿ ತನ್ನ ದಕ್ಷಿಣ ಭಾಗದಲ್ಲಿಡೀ ಜಿಂಕೆಗೆ ಮೇವು ಚೆಲ್ಲುವುದನ್ನು ನಿಲ್ಲಿಸಿತು.

ಇನ್ನು ತಮ್ಮ ಅಜ್ಜನ ನೆಲ್ಲಿಮರ. ನೆಲ್ಲಿಕಾಯಿ ಉದುರುವುದು ಬೇಟೆಗಾರನಿಗಾಗಿ ಅಲ್ಲ. ಯಾವ ಮರದ ಕಾಯಿ ಯಾವ ವಾರ ಬಲಿಯುತ್ತದೆ, ಜಾಡು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಅವನು ಕಾಡಿಗೆ ಹೋಗಿ ಹೋಗಿ ತಿಳಿಯಬೇಕು. ಕಾಡುಕುರಿ ಆ ಮರವನ್ನು ಬಿಟ್ಟು ಇನ್ನೊಂದು ಮರದಡಿಗೆ ಹೋದರೆ ಅಟ್ಟಣೆಯಲ್ಲಿ ರಾತ್ರಿ ಕಳೆದದ್ದೇ ಬಂತು. ಹಾಗೆಂದು ಊರಿನ ಬೇಟೆಯೆಲ್ಲ ನ್ಯಾಯವಾಗಿತ್ತೆಂದು ಹೇಳಲಾರೆ. ತುಳುನಾಡಿನ ಕೆಡ್ಡಸ ಹಬ್ಬದ ಬೋಂಟೆಯಲ್ಲಿ, ಅಂದರೆ ಊರವರೆಲ್ಲ ಸೇರಿ ಮಾಡುವ ಬೇಟೆಯಲ್ಲಿ, ಮಾಂಸವನ್ನು ಪಾಲು ಮಾಡುವಾಗ ಎಷ್ಟು ಕಟ್ಟುನಿಟ್ಟಿತ್ತೋ, ಗಬ್ಬದ ಹೆಣ್ಣನ್ನು ಬಿಟ್ಟುಬಿಡುವುದರಲ್ಲಿ ಅಷ್ಟು ಕಟ್ಟುನಿಟ್ಟು ಎಲ್ಲ ಕಡೆಯೂ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಉಳಿದ ಒಂದೇ ನೀರಿನ ಗುಂಡಿಯ ಬಳಿ ಕಾದು ಹೊಡೆಯುವುದು, ಮನುಷ್ಯ ಇಟ್ಟ ಮೇವು ಅಲ್ಲದಿದ್ದರೂ, ಮೇವಿಗಿಂತ ಕ್ರೂರ. ಏಕೆಂದರೆ ನೆಲ್ಲಿಕಾಯಿಯನ್ನು ಜಿಂಕೆ ಬಿಡಬಹುದು, ನೀರನ್ನು ಬಿಡಲಾರದು. ಆದ್ದರಿಂದ ಮನುಷ್ಯ ಇಟ್ಟದ್ದೋ ಕಾಡು ಕೊಟ್ಟದ್ದೋ ಎಂಬ ಒಂದೇ ಪ್ರಶ್ನೆ ಸಾಲದು. ಬಾರದೆ ಇರುವ ಆಯ್ಕೆ ಆ ಪ್ರಾಣಿಗೆ ಎಷ್ಟು ಉಳಿದಿತ್ತು ಎಂದೂ ಕೇಳಬೇಕು.

ನಮ್ಮ ದೇಶದ ಕಾನೂನು ಬರೆದವರಿಗೆ ಇದು ತಿಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಲೈಸೆನ್ಸಿನ ಮೇಲೆ ಬೇಟೆಗೆ ಇನ್ನೂ ಅವಕಾಶವಿತ್ತು. ಆಗ ಅದರ 17ನೆಯ ಕಲಮು, ಚಕ್ರದ ವಾಹನದಿಂದ ಹೊಡೆಯಬಾರದು, ವಾಹನದಿಂದ ಪ್ರಾಣಿಯನ್ನು ಅಟ್ಟಬಾರದು, ಉಪ್ಪುಮಣ್ಣು ನೆಕ್ಕುವ ಜಾಗದಲ್ಲಾಗಲಿ ನೀರಿನ ಬಳಿಯಾಗಲಿ ಅಲ್ಲಿಗೆ ಬರುವ ದಾರಿಯಲ್ಲಾಗಲಿ ಹೊಡೆಯಬಾರದು, ಜಿಂಕೆಯನ್ನು ರಾತ್ರಿಯಲ್ಲಿ ದೀಪ ಬಿಟ್ಟು ಹೊಡೆಯಬಾರದು ಎಂದು ಬಿಡಿಸಿ ಹೇಳಿತ್ತು. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸುಗಳೇ ಹೋದವು. ಜೊತೆಗೆ ಆ ಕಲಮೂ ಹೋಯಿತು. ಆದರೆ ಬೇಟೆ ಎಂದರೇನು ಎಂಬ ವಿವರಣೆಯಲ್ಲಿ ಮೇವು ಇಟ್ಟು ಸೆಳೆಯುವುದು ಮತ್ತು ಅಟ್ಟುವುದು ಈಗಲೂ ಇವೆ. ಕೊಲ್ಲದಿದ್ದರೂ ಅವು ಬೇಟೆಯೇ.

ವಾಹನದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ನಡೆದು ಬರುವ ಮನುಷ್ಯನ ಆಕಾರವನ್ನು ಕಂಡೊಡನೆ ಓಡುವ ಜಿಂಕೆ, ವಾಹನವನ್ನು ಶತ್ರುವೆಂದು ಅಷ್ಟು ಬೇಗ ಗುರುತಿಸುವುದಿಲ್ಲ. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಬಸ್ಸು ನಿಂತರೂ ಮೇಯುತ್ತಲೇ ಇರುವ ಜಿಂಕೆಗಳನ್ನು ನಮ್ಮ ಮುಂಬಯಿಯ ಓದುಗರೆಲ್ಲ ನೋಡಿದ್ದಾರೆ. ಆ ನೆಮ್ಮದಿಯನ್ನೇ ಗುರಿಯಾಗಿ ಮಾಡಿಕೊಳ್ಳುವುದು ಒಂದು ಬಗೆ. ತಮ್ಮ ಮಗನ ವಿಡಿಯೊದಲ್ಲಿರುವಂತೆ ಅಟ್ಟಿ ಹೊಡೆಯುವುದು ಇನ್ನೂ ಕೆಟ್ಟದ್ದು. ಕುಲುಕುವ ಟ್ರಕ್ಕಿನಿಂದ ಓಡುವ ಜಿಂಕೆಗೆ ಬಿಟ್ಟ ಗುಂಡು ಎದೆಗೇ ಬೀಳುವುದು ಅಪರೂಪ. ಹೊಟ್ಟೆಗೋ ತೊಡೆಗೋ ಬಿದ್ದರೆ ಅದು ಪೊದೆಯೊಳಗೆ ಹೋಗಿ ಗಂಟೆಗಟ್ಟಲೆ ನರಳುತ್ತದೆ. ಗುಂಡು ತಾಗದೆ ತಪ್ಪಿಸಿಕೊಂಡದ್ದೂ ಉಳಿಯಿತೆಂದು ಹೇಳುವಂತಿಲ್ಲ. ಶಕ್ತಿ ಮೀರಿ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಕರಗಿ, ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ಅದು ಸಾಯುವುದುಂಟು. ಜಿಂಕೆಗಳನ್ನು ಹಿಡಿದು ಸಾಗಿಸುವ ಪಶುವೈದ್ಯರು ಹೆಚ್ಚು ಹೆದರುವುದು ಇದಕ್ಕೇ. ಅಮೆರಿಕದಲ್ಲೇ 1887ರಲ್ಲಿ ಬೇಟೆಗಾರರು ಸೇರಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ಮೋಟಾರು ವಾಹನದಿಂದ ಅಟ್ಟಿ ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಕಾಲಿಲ್ಲದ ಬೇಟೆಗಾರನೊಬ್ಬ ನಿಂತ ಗಾಡಿಯಲ್ಲಿ ಕುಳಿತು ಹೊಡೆಯಲು ಅಲ್ಲಿನ ಹಲವು ರಾಜ್ಯಗಳು ಅನುಮತಿ ಕೊಡುತ್ತವೆ. ಅದಕ್ಕೆ ನನ್ನ ತಕರಾರಿಲ್ಲ.

ನಮ್ಮ ಮುಂಬಯಿಯ ಪತ್ರಿಕೆಯೊಂದರ ದಾಖಲೆಯನ್ನು ಇಲ್ಲಿ ನೆನಪಿಸಬೇಕು. 1947ರಲ್ಲಿ, ಈಗಿನ ಛತ್ತೀಸಗಢದಲ್ಲಿರುವ ಕೊರಿಯಾ ಸಂಸ್ಥಾನದ ಮಹಾರಾಜರು ರಾತ್ರಿ ವಾಹನದಲ್ಲಿ ಹೋಗುವಾಗ ದೀಪದ ಬೆಳಕಿಗೆ ಸಿಕ್ಕ ಮೂರು ಚೀತಾಗಳನ್ನು ಹೊಡೆದರು. ಈ ದೇಶದಲ್ಲಿ ಉಳಿದಿದ್ದ ಕೊನೆಯ ಚೀತಾಗಳು ಅವೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ವರದಿ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬಂದಾಗ ಸಂಪಾದಕರು ಅದರೊಂದಿಗೆ ತಮ್ಮ ಟಿಪ್ಪಣಿಯನ್ನೂ ಅಚ್ಚು ಹಾಕಿದರು: ಈ ಹತ್ಯೆಯ ವಿವರ ಓದಿ ತಮಗೆ ಹೇಸಿಗೆಯಾಯಿತು, ಕಸದ ಬುಟ್ಟಿಗೆ ಹಾಕಬೇಕೆಂದು ಮೊದಲು ಅನ್ನಿಸಿತು, ಆದರೆ ಹೊಗಳುವುದಕ್ಕಲ್ಲ, ದೋಷಾರೋಪಣೆಯಾಗಿ ಇದನ್ನು ಪ್ರಕಟಿಸುತ್ತಿದ್ದೇವೆ ಎಂಬುದು ಅದರ ಸಾರಾಂಶ. 1883ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಮೊದಲಿನಿಂದಲೂ ಶಿಕಾರಿಯ ಹವ್ಯಾಸವಿದ್ದವರು ಬಹಳ ಮಂದಿ ಇದ್ದರು. ಅದರ ಪತ್ರಿಕೆಯಲ್ಲಿ ಬೇಟೆಯ ಬರಹಗಳು ಹೇರಳವಾಗಿ ಬರುತ್ತಿದ್ದವು. ಬೇಟೆಯನ್ನು ಬಲ್ಲ ಪತ್ರಿಕೆಯೇ ಹೀಗೆ ಹೇಸಿದ್ದು ನನ್ನ ಮಟ್ಟಿಗೆ ಅಹಿಂಸಾವಾದಿಯೊಬ್ಬನ ನೂರು ಮಾತಿಗಿಂತ ತೂಕದ್ದು. ಸಂಪಾದಕನ ಕುರ್ಚಿಯಲ್ಲಿ ಕುಳಿತಿರುವವನಾಗಿ ಆ ಟಿಪ್ಪಣಿಯನ್ನು ನಾನು ಗೌರವದಿಂದ ನೆನೆಯುತ್ತೇನೆ.

ಎದುರು ಪಕ್ಷದ ಬಲವಾದ ವಾದವನ್ನು ಮುಚ್ಚಿಡುವುದು ನ್ಯಾಯವಲ್ಲ. ಮೇವಿನ ಎದುರು ಜಿಂಕೆ ಹತ್ತಿರದಲ್ಲಿ, ಅಲುಗದೆ, ಪಕ್ಕೆ ತೋರಿಸಿ ನಿಲ್ಲುತ್ತದೆ. ಗಂಡೋ ಹೆಣ್ಣೋ, ಮರಿ ಜೊತೆಗಿದೆಯೋ ಎಂದು ನೋಡಲು ಸಮಯ ಸಿಗುತ್ತದೆ. ಒಂದೇ ಗುಂಡಿಗೆ ಪ್ರಾಣ ಹೋಗುತ್ತದೆ. ಇದು ನಿಜ. ಚುಕ್ಕಿ ಜಿಂಕೆಗಳನ್ನು ತಗ್ಗಿಸಬೇಕಾದ ಜಾಗಗಳೂ ಇವೆ. ಹವಾಯಿಯ ಮೊಲೊಕಾಯ್ ದ್ವೀಪಕ್ಕೆ 1868ರಲ್ಲಿ ಉಡುಗೊರೆಯಾಗಿ ಬಂದ ಇವು, ಹುಲಿಯಿಲ್ಲದ ನೆಲದಲ್ಲಿ ಬೆಳೆದು ಅಲ್ಲಿನ ಕಾಡನ್ನೂ ಹೊಲವನ್ನೂ ಮೇಯ್ದು ಬರಿದು ಮಾಡುತ್ತಿವೆ. ಅಂಥಲ್ಲಿ ಪಳಗಿದ ಕೈಗಳು ಮೇವಿಟ್ಟು, ನೋವು ಕಡಿಮೆಯಾಗುವ ರೀತಿಯಲ್ಲಿ ಕೊಲ್ಲುವುದನ್ನು ನಾನು ಒಪ್ಪುತ್ತೇನೆ. ಆದರೆ ಅದು ಆಟವಲ್ಲ, ಭಾರವಾದ ಕೆಲಸ. ಮಾಡುವವನು ಮುಂದಿನ ವರ್ಷ ಇದರ ಅಗತ್ಯ ಕಡಿಮೆಯಾಗಲಿ ಎಂದು ಬಯಸುತ್ತಾನೆ. ರಾಂಚಿನ ಮಾಲೀಕನೋ ಜಿಂಕೆಗಳು ಕಡಿಮೆಯಾಗದಿರಲಿ ಎಂದು ಬಯಸುತ್ತಾನೆ, ಏಕೆಂದರೆ ಅವನಿಗೆ ಪ್ರತಿ ಕೊಂಬಿಗೂ ಹಣ ಬರುತ್ತದೆ. ಒಂದರ ಸಮರ್ಥನೆಯನ್ನು ಇನ್ನೊಂದಕ್ಕೆ ಎರವಲು ಕೊಡಲಾಗದು.

ತಮ್ಮ ಪತ್ರದ ಕೊನೆಯಲ್ಲಿ, ಮಾತಿಗೆ ಮಾತು ಬಂತೆಂಬಂತೆ, ತಾವು ಒಂದು ಮಾತು ಬರೆದಿದ್ದೀರಿ: ಪರಿಚಯದ ಹುಡುಗರು ಭಾನುವಾರ ಪುಣೆ ಜಿಲ್ಲೆಯ ಸುಪೆಯ ಕಡೆಯ ಹುಲ್ಲುಗಾವಲಿಗೆ ಜೀಪು ಇಳಿಸಿ, ಚಿಂಕಾರ ಎಂಬ ಚಿಕ್ಕ ಹುಲ್ಲೆ ಓಡುವ ಚಿತ್ರ ತೆಗೆಯಲು ಅದರ ಹಿಂದೆ ಓಡಿಸುತ್ತಾರೆ ಎಂದು. ಅವರ ಕೈಯಲ್ಲಿ ಕೋವಿಯಿಲ್ಲ ಎಂದು ತಾವು ಸಮಾಧಾನಪಟ್ಟುಕೊಳ್ಳಬಾರದೆಂದು ನನ್ನ ವಿನಂತಿ. ಸ್ನಾಯು ಕರಗುವ ಮಟ್ಟಿಗೆ ಓಡಿದ ಚಿಂಕಾರಕ್ಕೆ ಕ್ಯಾಮೆರಾ ಮತ್ತು ಕೋವಿಯ ವ್ಯತ್ಯಾಸ ತಿಳಿಯದು. ಕಾನೂನು ಕೂಡ ಅಟ್ಟುವುದನ್ನು ಬೇಟೆಯ ಒಳಗೇ ಇಟ್ಟಿದೆ. ಸುಪೆಯ ಬಳಿ ಚಿಂಕಾರಗಳಿರುವ ಮಯೂರೇಶ್ವರ ಅಭಯಾರಣ್ಯ ಬಹಳ ಚಿಕ್ಕದು. ಅಲ್ಲಿಯ ಪ್ರಾಣಿಗಳು ಸುತ್ತಲಿನ ಬಯಲನ್ನು ನಂಬಿಯೇ ಬದುಕುತ್ತವೆ. ಆ ಹುಡುಗರಿಗೆ ತಾವು ಇದನ್ನು ಹೇಳಿದರೆ, ಟೆಕ್ಸಸ್‌ಗೆ ಬರೆಯುವುದಕ್ಕಿಂತ ಬೇಗ ಫಲ ಸಿಕ್ಕೀತು.

ಮಗನಿಗೆ ಬೈಯುವುದು ಬೇಡ. ಬೈದರೆ ವಿಡಿಯೊ ಕಳುಹಿಸುವುದನ್ನು ನಿಲ್ಲಿಸುತ್ತಾರೆ, ಬೇಟೆಯನ್ನಲ್ಲ. ಆ ಯಂತ್ರ ವರ್ಷವಿಡೀ ತಿರುಗುತ್ತದೆಯೇ, ಗಾಯಗೊಂಡು ಓಡಿದ ಜಿಂಕೆಯನ್ನು ಆ ರಾಂಚಿನಲ್ಲಿ ಯಾರು ಎಷ್ಟು ದೂರ ಹುಡುಕುತ್ತಾರೆ ಎಂದು ಕೇಳಿ. ಟ್ರಕ್ಕಿನ ಬೇಟೆಯನ್ನು ಮಾತ್ರ ಬಿಟ್ಟೇಬಿಡಬೇಕೆಂದು ತಂದೆಯಾಗಿ ನೇರವಾಗಿ ಹೇಳಿ. ಅಷ್ಟು ಹೇಳುವ ಅಧಿಕಾರ ತಮಗಿದೆ. ಹೋಗಲೇಬೇಕೆಂದಿದ್ದರೆ ಗಾಳಿ ನೋಡಿಕೊಂಡು ಕಾಲ್ನಡಿಗೆಯಲ್ಲಿ ಹೋಗಲಿ, ಸಿಗದಿದ್ದರೆ ಸಿಗದೆ ಬರಲಿ. ಮನೆಯವರು ಅದನ್ನೂ ಒಪ್ಪಲಿಕ್ಕಿಲ್ಲ, ಒಪ್ಪಬೇಕೆಂದು ನಾನು ಹೇಳಲಾರೆ. ಮಗ ಉತ್ತರ ಬರೆದರೆ ದಯವಿಟ್ಟು ಕಳುಹಿಸಿಕೊಡಿ. ನನ್ನ ಮಾತಿಗೆ ಪೂರ್ತಿ ವಿರುದ್ಧವಾಗಿದ್ದರೂ ಅದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ