ಇಎಫ್ 25 ಅಂದರೆ ಹೃದಯ ಕಾಲುಭಾಗ ಮಾತ್ರ ಉಳಿದಿದೆ ಅಂತಲೇ?

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಹೋದ ತಿಂಗಳು ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್ 25 ಎಂದು ಬಂತು, ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಿದೆ ಎಂದರು. ಈಗ ರಾತ್ರಿಯೆಲ್ಲ ಎದ್ದೆದ್ದು ಅವರ ಉಸಿರು ನೋಡುತ್ತೇನೆ. ಹಗಲು ಉಪ್ಪಿಗಾಗಿ ಜಗಳ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಹಾಗಲ್ಲಮ್ಮ. ಹೃದಯ ಒಂದು ಸಲ ಹಿಂಡಿದಾಗ ಎಡ ಕೋಣೆಯ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನೋದು ಇಎಫ್. ಆರೋಗ್ಯವಂತರಲ್ಲೂ ಅದು ಸುಮಾರು 55ರಿಂದ 70 ಅಷ್ಟೇ. 25 ಕಡಿಮೆಯೇ, ಸುಮ್ನೆ ಧೈರ್ಯ ಹೇಳಲ್ಲ. ಆದರೆ ಈಗಿನ ಮಾತ್ರೆಗಳಿಂದ ಕೆಲವು ತಿಂಗಳಲ್ಲಿ ಇಎಫ್ ಮೇಲೇರಿದವರು ಬಹಳ ಜನ ಇದ್ದಾರೆ. ಅದಕ್ಕೇ ಎಕೋ ಮತ್ತೆ ಮಾಡಿಸುವುದು. ಶುರುವಿನಲ್ಲಿ ಸ್ವಲ್ಪ ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸಿ, ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ರಾತ್ರಿಯ ಕಾವಲು ಬಿಡಿ, ಬೆಳಗಿನ ತೂಕ ಹಿಡಿಯಿರಿ. ಶೌಚ ಮುಗಿಸಿ, ಕಾಫಿಗೆ ಮೊದಲು, ಅದೇ ತೂಕದ ಯಂತ್ರದ ಮೇಲೆ. ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕಣಕಾಲನ್ನು ಒತ್ತಿದರೆ ಗುಳಿ ಬೀಳುವುದು, ಮಲಗಲು ಒಂದು ದಿಂಬು ಜಾಸ್ತಿ ಬೇಕಾಗುವುದು ಕೂಡ ಅದೇ ಸೂಚನೆ. ಸುಮ್ಮನೆ ಕೂತಾಗಲೂ ಏದುಸಿರು, ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

ಆ ತೂಕವನ್ನು ಅವರೇ ಬರೆದಿಡಲಿ. ನೀವು ಬರೆದರೆ ಅದೂ ಒಂದು ಜಗಳ ಆಗುತ್ತದೆ, ಅಲ್ವಾ? ಉಪ್ಪಿನ ಮಿತಿಯನ್ನು ಡಾಕ್ಟರೇ ಅವರಿಗೆ ನೇರವಾಗಿ ಹೇಳಲಿ. ಸಾಮಾನ್ಯವಾಗಿ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಸುಮಾರು 5 ಗ್ರಾಂ. ಸಾರಿಗಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲೇ ಲೆಕ್ಕ ತಪ್ಪುವುದು. ಅವರೊಬ್ಬರಿಗೇ ಸಪ್ಪೆ ಬಡಿಸಬೇಡಿ, ಮನೆಮಂದಿಗೆಲ್ಲ ಒಂದೇ ಅಡುಗೆ ಮಾಡಿ. ನಿಂಬೆ, ಹುಣಸೆ, ಮೆಣಸು ಸ್ವಲ್ಪ ಮುಂದೆ ಮಾಡಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯದ ಕೆಲವು ಮಾತ್ರೆಗಳ ಜೊತೆ ಅದು ಅಪಾಯ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಯನ್ನೂ ನುಂಗಬಾರದು.

ಇನ್ನು ನೀವು. ಮುಂದೇನು ಅನ್ನುವ ಭಯ ಅವರಿಗೂ ಇರುತ್ತದೆ, ಗಂಡಸರು ಅದನ್ನು ಸಿಟ್ಟು ಮಾಡಿ ತೋರಿಸುವುದೇ ಹೆಚ್ಚು. ಒಂದು ಸಂಜೆ ಉಪ್ಪು, ಮಾತ್ರೆ ಎತ್ತದೆ ಜೊತೆಗೆ ಕೂತು ಮಾತಾಡಿ. ವಾರಕ್ಕೆರಡು ರಾತ್ರಿ ಮಕ್ಕಳೋ ನೆಂಟರೋ ಅವರ ಕೋಣೆಯಲ್ಲಿ ಮಲಗಲಿ, ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಿಮ್ಮ ಬಿಪಿಯನ್ನೂ ನೋಡಿಸಿಕೊಂಡು ಬನ್ನಿ.